ಅಂಗಡಿ ನಮ್ಮದು, ಕೀಲಿಕೈಯೂ ನಮ್ಮದಾಗಲಿ

ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’ದಿಂದ, ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ. ಮಂಗಳೂರಿನ ಬಂದರಿನಿಂದ ಉಪ್ಪಿನಂಗಡಿ ಪೇಟೆಯವರೆಗೆ ಅಂಗಡಿ ಇಟ್ಟೇ ಸಂಸಾರ ಸಾಗಿಸಿದ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ. ಇವತ್ತು ಆ ಅಂಗಡಿ ಮನೆಯೊಳಗೂ ಬಂದಿದೆ. ಅಬಾಯ ಹೊಲಿಯುವ, ಮಸಾಲೆ ಪುಡಿ ಮಾಡುವ, ಉಪ್ಪಿನಕಾಯಿ ಹಾಕುವ ಉಮ್ಮಂದಿರು, ಸಹೋದರಿಯರು ವಾಟ್ಸ್‌ಆ್ಯಪ್‌ನಲ್ಲೇ ಆರ್ಡರ್ ಹಿಡಿಯುತ್ತಿದ್ದಾರೆ. ಸಂತೋಷ. ಆದರೆ ಫೋನು ಹಾಳಾದರೆ, ಇನ್‌ಸ್ಟಾಗ್ರಾಂ ಖಾತೆ ಯಾರದ್ದೋ ಕೈಗೆ ಹೋದರೆ ಗಿರಾಕಿಗಳ ಪಟ್ಟಿ ಎಲ್ಲಿಂದ ತರುವುದು?

ಸ್ವಂತ ಆನ್‌ಲೈನ್ ಅಂಗಡಿ ಬೇಕೆನ್ನುವವರಿಗೆ ‘ಹೆಡ್‌ಲೆಸ್’ ಎಂಬ ದಾರಿ ಇದೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಗೋದಾಮು ಮತ್ತು ಲೆಕ್ಕದ ಪುಸ್ತಕ ಒಂದು ಕಡೆ, ಗಿರಾಕಿಗೆ ಕಾಣುವ ಅಂಗಡಿ ಇನ್ನೊಂದು ಕಡೆ, ಅಷ್ಟೇ. ನಾಳೆ ಅಂಗಡಿಯ ಬಣ್ಣ, ರೂಪ ಬದಲಾಯಿಸಿದರೂ ಗೋದಾಮಿನ ಲೆಕ್ಕ ಅಲುಗುವುದಿಲ್ಲ. ಅದೇ ಗೋದಾಮಿನಿಂದ ವೆಬ್‌ಸೈಟಿಗೂ ಮೊಬೈಲ್ ಆ್ಯಪಿಗೂ ಮಾಲು ತೋರಿಸಬಹುದು. ಮೆಡೂಸಾ, ಸೇಲಿಯರ್, ವೆಂಡ್ಯೂರ್ ಎಂಬ ಓಪನ್ ಸೋರ್ಸ್ ತಂತ್ರಾಂಶಗಳು ಇದಕ್ಕಾಗಿಯೇ ಇವೆ. ತಂತ್ರಾಂಶಕ್ಕೆ ದುಡ್ಡಿಲ್ಲ, ಸರ್ವರಿನ ಬಾಡಿಗೆ ಮಾತ್ರ ಕೊಡಲೇಬೇಕು.

ಮೆಡೂಸಾವನ್ನೇ ತೆಗೆದುಕೊಳ್ಳೋಣ. ಮೊದಲು ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆ ಸರ್ವರ್ ನಿಲ್ಲಿಸಬೇಕು. ಆಡಳಿತ ಪುಟದಲ್ಲಿ ಭಾರತವನ್ನು ಪ್ರದೇಶವಾಗಿ, ರೂಪಾಯಿಯನ್ನು ನಾಣ್ಯವಾಗಿ ಸೇರಿಸಬೇಕು. ಇದನ್ನು ಮರೆತರೆ ಮಾಲಿಗೆ ಸರಿಯಾದ ಬೆಲೆ ಕಾಣುವುದಿಲ್ಲ. ಮುಂಭಾಗಕ್ಕೆ ನೆಕ್ಸ್ಟ್ ಜೆಎಸ್‌ನಲ್ಲಿ ಬರೆದ ಸಿದ್ಧ ಮಾದರಿ ಸಿಗುತ್ತದೆ. ಅದಕ್ಕೆ ಸರ್ವರಿನ ವಿಳಾಸ ಮತ್ತು ‘ಪಬ್ಲಿಶಬಲ್’ ಕೀ ಕೊಡಬೇಕು. ಆ ಕೀಗೆ ಜೋಡಿಸಿದ ಮಾರಾಟ ಚಾನೆಲಿನಲ್ಲಿ ಮಾಲು ಇಲ್ಲದಿದ್ದರೆ ಅಂಗಡಿ ಖಾಲಿ. ಸರ್ವರಿನ ‘ಕಾರ್ಸ್’ ಪಟ್ಟಿಗೆ ಅಂಗಡಿಯ ವಿಳಾಸ ಸೇರಿಸದಿದ್ದರೆ ಬ್ರೌಸರ್ ಬಾಗಿಲಲ್ಲೇ ತಡೆಯುತ್ತದೆ. ಪಬ್ಲಿಶಬಲ್ ಕೀ ನಾಲ್ಕು ಜನ ನೋಡಿದರೂ ತೊಂದರೆಯಿಲ್ಲ. ಪೇಮೆಂಟ್ ಕಂಪೆನಿ ಕೊಟ್ಟ ಗುಪ್ತ ಕೀ ಮಾತ್ರ ಸರ್ವರ್ ಬಿಟ್ಟು ಹೊರಗೆ ಬರಬಾರದು.

ಎಲ್ಲರಿಗೂ ಇದು ಬೇಕೇ? ಬೇಡ. ವಾರಕ್ಕೆ ಹತ್ತು ಆರ್ಡರ್ ಇರುವವರಿಗೆ ವಾಟ್ಸ್‌ಆ್ಯಪ್ ಕ್ಯಾಟಲಾಗ್ ಮತ್ತು ಒಂದು ನೋಟ್‌ಬುಕ್ ಧಾರಾಳ ಸಾಕು. ಮಾಲು ಹೆಚ್ಚಾಗಿ, ಲೆಕ್ಕ ತಪ್ಪಲು ಶುರುವಾದಾಗ ಯೋಚಿಸಿ. ಸರ್ವರಿಗೆ ಬ್ಯಾಕಪ್ ಬೇಕು, ಅಪ್‌ಡೇಟ್ ಬೇಕು. ನೋಡಿಕೊಳ್ಳುವವರಿಲ್ಲದೆ ಕಟ್ಟಿದರೆ ಬೀಗ ಹಾಕಿದ ಅಂಗಡಿಯೇ ಆದೀತು.

ಕಾನೂನನ್ನೂ ಮರೆಯಬಾರದು. ತಲಪಾಡಿ ದಾಟಿ ಮಂಜೇಶ್ವರಕ್ಕೆ ಕಳಿಸಿದರೂ ಅದು ಹೊರರಾಜ್ಯದ ಮಾರಾಟ. ತೆರಿಗೆ ಇರುವ ಮಾಲಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ತಿಂಡಿ, ಉಪ್ಪಿನಕಾಯಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇರೆ. ಮಾರುವವರ ಹೆಸರು, ವಿಳಾಸ, ವಾಪಸಾತಿಯ ಷರತ್ತು ಗಿರಾಕಿಗೆ ಕಾಣುವಂತಿರಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ.

ನಮಗಂತೂ ಇದು ಕಾನೂನಿಗಿಂತ ಹಳೆಯ ಪಾಠ. ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಪ್ರವಾದಿ (ಸ.ಅ.) ಅವರು ವ್ಯಾಪಾರಿಯನ್ನು ಕೇಳಿದ ಹದೀಸ್ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಆನ್‌ಲೈನಿನಲ್ಲಿ ಗಿರಾಕಿಗೆ ಮಾಲು ಮುಟ್ಟಿ ನೋಡುವ ಅವಕಾಶವಿಲ್ಲ. ಬಟ್ಟೆಯ ನಿಜವಾದ ಬಣ್ಣ, ಪೊಟ್ಟಣದ ನಿಜವಾದ ತೂಕ ಹಾಕುವುದೇ ಅಮಾನತ್.

ಕಡೆಯದಾಗಿ, ಮುಖ್ಯವಾದ ಮಾತು. ದುಡಿಯುವುದು ಉಮ್ಮ, ಡೊಮೇನ್ ಮಗನ ಹೆಸರಲ್ಲಿ, ಬ್ಯಾಂಕ್ ಖಾತೆ ಇನ್ನೊಬ್ಬರ ಹೆಸರಲ್ಲಿ, ಪಾಸ್‌ವರ್ಡ್ ಸೈಟ್ ಮಾಡಿಕೊಟ್ಟವರ ಹತ್ತಿರ ಎಂದಾಗಬಾರದು. ಮಗ ಗಲ್ಫಿಗೆ ಹೋದ ಮೇಲೆ ವಿಮಾನ ನಿಲ್ದಾಣದಿಂದ ಪಾಸ್‌ವರ್ಡ್ ಕೇಳುತ್ತಾ ಕೂರುವುದೆಂತದು? ದುಡಿದವರ ಹೆಸರಲ್ಲೇ ಡೊಮೇನ್, ಖಾತೆ ಇರಲಿ. ಇಂಜಿನಿಯರಿಂಗ್ ಓದಿದ ನಮ್ಮ ಮಕ್ಕಳು ಮನೆಯ ಒಬ್ಬ ದುಡಿಯುವ ಹೆಣ್ಣಿಗೆ ಇಷ್ಟನ್ನು ಕಟ್ಟಿಕೊಟ್ಟು, ನಡೆಸುವುದನ್ನೂ ಕಲಿಸಲಿ. ಅಂಗಡಿ ಕಟ್ಟಿದವರು ಕೀಲಿಕೈಯನ್ನು ಯಜಮಾನ್ತಿಯ ಕೈಗೇ ಕೊಡಬೇಕು.