ಬೂದಿ ಮುಚ್ಚಿದ ಕೆಂಡ ಆರಿದ ಬೆಂಕಿಯಲ್ಲ

ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿದ ಅನುಗ್ರಹಗಳಲ್ಲಿ ಬೆಂಕಿಯೂ ಒಂದು. ನಾವು ಹೊತ್ತಿಸುವ ಬೆಂಕಿಯು ಒಂದು ನೆನಪೋಲೆ ಹಾಗೂ ಪ್ರಯಾಣಿಕರಿಗೆ ಪ್ರಯೋಜನಕಾರಿ ಎಂಬ ಆಶಯವು ಕುರ್‌ಆನಿನ ಅಲ್ ವಾಕಿಅಃ ಅಧ್ಯಾಯದಲ್ಲಿದೆ. ಕೊಡಗಿನವರಾದ ನಮಗೆ ಈ ಅನುಗ್ರಹದ ಬೆಲೆ ಚೆನ್ನಾಗಿ ತಿಳಿದಿದೆ. 1,000 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಾಗಲಿ, ಭಾಗಮಂಡಲ, ನಾಪೋಕ್ಲು ಕಡೆಯ ಊರುಗಳಲ್ಲಾಗಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಒಲೆಯ ಸುತ್ತಲೇ ಮನೆಯವರ ಬದುಕು. ಒದ್ದೆ ಬಟ್ಟೆ, ಹಸಿ ಸೌದೆ, ವೃದ್ಧರ ಕೈಕಾಲು ಎಲ್ಲವೂ ಬಿಸಿಯಾಗುವುದು ಅಲ್ಲಿಯೇ.

ಆದರೆ ಉರಿಸುವುದರಲ್ಲಿ ನಮಗಿರುವ ಶ್ರದ್ಧೆ ಆರಿಸುವುದರಲ್ಲಿ ಇದೆಯೇ? ರಾತ್ರಿ ಕೆಂಡದ ಮೇಲೆ ಬೂದಿ ಎಳೆದು ಮಲಗುವುದು ನಮ್ಮಲ್ಲಿ ಹಳೆಯ ರೂಢಿ. ಬೆಂಕಿಕಡ್ಡಿ ದುರ್ಲಭವಾಗಿದ್ದ ಕಾಲದಲ್ಲಿ ಅದು ಮಿತವ್ಯಯದ ಜಾಣ್ಮೆಯಾಗಿತ್ತು. ಬೂದಿಯು ಗಾಳಿಯನ್ನು ತಡೆದು ಶಾಖವನ್ನು ಹಿಡಿದಿಡುವುದರಿಂದ ಕೆಂಡವು ಬೆಳಗಿನವರೆಗೂ ಉಳಿಯುತ್ತದೆ. ಅಂದರೆ ಬೂದಿ ಮುಚ್ಚುವುದು ಬೆಂಕಿಯನ್ನು ಕಾಪಾಡುವ ವಿಧಾನವೇ ಹೊರತು ಆರಿಸುವ ವಿಧಾನವಲ್ಲ.

ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಅದರೊಳಗಿದ್ದವರ ಸಮೇತ ಬೆಂಕಿಗೆ ಆಹುತಿಯಾಯಿತು. ಸುದ್ದಿ ತಿಳಿದ ಪ್ರವಾದಿವರ್ಯರು(ಸ), ಬೆಂಕಿಯು ನಿಮಗೆ ಶತ್ರುವಾಗಿದೆ, ಮಲಗುವಾಗ ಅದನ್ನು ಆರಿಸಿರಿ ಎಂಬರ್ಥದಲ್ಲಿ ಬೋಧಿಸಿದ್ದನ್ನು ಅಬೂ ಮೂಸಾ ಅಲ್ ಅಶ್‌ಅರೀ(ರ) ವರದಿ ಮಾಡಿದ್ದಾರೆ. ಇಲಿಯು ದೀಪದ ಬತ್ತಿಯನ್ನು ಎಳೆದು ಮನೆ ಸುಡಬಹುದೆಂಬ ಎಚ್ಚರಿಕೆಯೂ ಹದೀಸ್‌ಗಳಲ್ಲಿದೆ.

ಕೆಂಡ ಮುಚ್ಚಿದ ಮೇಲೆ ಅಪಾಯವೇನು ಎಂದು ಕೆಲವರು ಕೇಳಬಹುದು. ಇಬ್ನು ಹಜರ್ ಅಲ್ ಅಸ್ಕಲಾನಿಯವರು ಫತ್‌ಹುಲ್ ಬಾರಿಯಲ್ಲಿ ಇಮಾಮ್ ಕುರ್ತುಬಿಯವರ ವಿವರಣೆಯನ್ನು ಉಲ್ಲೇಖಿಸಿದ್ದಾರೆ. ಅದರಂತೆ ಬೆಂಕಿಯನ್ನು ಆರಿಸಬೇಕು ಅಥವಾ ಅದು ಸುಡದಂತೆ ಭದ್ರಪಡಿಸಬೇಕು. ಮನೆಯಲ್ಲಿ ಹಲವರಿದ್ದರೆ ಕೊನೆಗೆ ಮಲಗುವವರ ಮೇಲೆ ಈ ಹೊಣೆ ಹೆಚ್ಚು. ಇಲ್ಲಿ ಆಜ್ಞೆಯ ಉದ್ದೇಶ ಪ್ರಾಣರಕ್ಷಣೆ. ಮುಚ್ಚಿದ ಕೋಣೆಯಲ್ಲಿ ಕೆಂಡವು ಮನೆಯನ್ನು ಸುಡದೆಯೂ ಪ್ರಾಣ ತೆಗೆಯಬಲ್ಲದು ಎಂಬುದು ಇಂದು ತಿಳಿದಿರುವಾಗ, ಬರೀ ಬೂದಿಯ ಹೊದಿಕೆಯನ್ನು ಭದ್ರತೆಯೆನ್ನಲು ಸಾಧ್ಯವಿಲ್ಲ.

ಕೆಂಡದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ಮಲಗಿದವನು ಎಚ್ಚರಗೊಳ್ಳದೆಯೇ ಸಾಯಬಹುದು. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಚಳಿಗೆ ಗ್ಯಾಸ್ ಹೀಟರ್ ಉರಿಸಿ, ಕೋಣೆಯನ್ನು ಮುಚ್ಚಿ ಮಲಗಿದ್ದ ಕೇರಳದ 8 ಮಂದಿ ಪ್ರವಾಸಿಗರು ಮೃತಪಟ್ಟರು. ಅವರಲ್ಲಿ 4 ಮಂದಿ ಮಕ್ಕಳು. ಮಳೆಗೆ ಕಿಟಕಿ ಮುಚ್ಚಿ ಬಾಣಂತಿಯ ಕೋಣೆಯಲ್ಲಿ ಕೆಂಡದ ಬಾಣಲೆ ಇಡುವ ನಮ್ಮ ಮನೆಗಳೂ ತೋಟದ ಲೈನ್ ಮನೆಗಳೂ ಇದೇ ಅಪಾಯದಲ್ಲಿವೆ. ಅಲ್ಲಿ ಉಸಿರಾಡುತ್ತಿರುವುದು ಹಸುಗೂಸು ಎಂಬುದನ್ನು ಮರೆಯದಿರೋಣ.

ಆರಿಸುವ ಕ್ರಮ ಕಷ್ಟದ್ದೇನಲ್ಲ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಸೌದೆ ಹಾಕುವುದನ್ನು ನಿಲ್ಲಿಸಬೇಕು. ಕೊಳ್ಳಿಗಳನ್ನು ಬಿಡಿಸಿ, ಕಬ್ಬಿಣದ ಸಲಾಕೆಯಿಂದ ಕೆಂಡವನ್ನು ತೆಳ್ಳಗೆ ಹರಡಬೇಕು. ಒಂದೇ ಸಲ ಕೊಡದಷ್ಟು ನೀರು ಸುರಿದರೆ ಬಿಸಿ ಹಬೆ ಮತ್ತು ಬೂದಿ ಮುಖಕ್ಕೆ ಎರಚುತ್ತವೆ, ಕಾದ ಇಟ್ಟಿಗೆಯೂ ಬಿರಿಯಬಹುದು. ಆದ್ದರಿಂದ ಸ್ವಲ್ಪಸ್ವಲ್ಪವೇ ಚಿಮುಕಿಸಿ, ಕೆದಕಿ, ಚುಂಯ್‌ ಸದ್ದೂ ಹಬೆಯೂ ನಿಲ್ಲುವವರೆಗೆ ಮತ್ತೆ ಚಿಮುಕಿಸಬೇಕು. ಹಳೆಯ ಬಂಗಲೆ, ಹೋಂಸ್ಟೇಗಳ ಅಗ್ಗಿಷ್ಟಿಕೆಯಲ್ಲಿ ಬೂದಿ ಪೂರ್ತಿ ತಣ್ಣಗಾಗುವವರೆಗೆ ಚಿಮಣಿಯ ಬಾಗಿಲನ್ನು ಮುಚ್ಚಬಾರದು. ಒಲೆಯ ಸಮೀಪ ಒಣಗಲು ಇಟ್ಟ ಸೌದೆ, ಬಟ್ಟೆಗಳನ್ನು ದೂರ ಸರಿಸಬೇಕು. ಬಾಣಲೆಯ ಕೆಂಡವನ್ನು ಮಲಗುವ ಮುನ್ನ ಕೋಣೆಯಿಂದ ಹೊರಗೆ ಒಯ್ಯಲೇಬೇಕು.

ಬೂದಿಯೊಳಗೆ ಕಿಡಿಯು ದಿನಗಟ್ಟಲೆ ಉಳಿಯಬಲ್ಲದು. ಅದನ್ನು ಪ್ಲಾಸ್ಟಿಕ್ ಬಕೆಟ್ಟಿಗೋ ಗೋಣಿಚೀಲಕ್ಕೋ ತುಂಬದೆ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ ಮನೆಯ ಹೊರಗಿಡಬೇಕು. ಗೊಬ್ಬರವೆಂದು ಬಿಸಿ ಬೂದಿಯನ್ನೇ ತೋಟಕ್ಕೆ ಎರಚಿದರೆ ಬೇಸಿಗೆಯಲ್ಲಿ ತರಗೆಲೆಗೆ ಬೆಂಕಿ ಹತ್ತಬಹುದು.

ಬೆಂಕಿಯಿದ್ದ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಕೂಡಲೇ ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತಂದು ಆಸ್ಪತ್ರೆಗೆ ಒಯ್ಯಬೇಕು. ಬೆಂಕಿ ಹೊತ್ತಿಕೊಂಡರೆ 112ಕ್ಕೆ ಕರೆ ಮಾಡಬೇಕು.

ನಮ್ಮ ಬಹುತೇಕ ಮನೆಗಳಲ್ಲಿ ಕೊನೆಗೆ ಮಲಗುವವರು ತಾಯಂದಿರು. ದಿನವಿಡೀ ದುಡಿದು ದಣಿದ ಅವರ ಮೇಲೆಯೇ ಈ ಹೊಣೆಯನ್ನೂ ಹೊರಿಸುವುದು ನ್ಯಾಯವಲ್ಲ. ಮನೆಯ ಗಂಡಸರು ಇಶಾ ನಮಾಝ್ ಮುಗಿಸಿ ಬಂದು ಬಾಗಿಲ ಚಿಲಕ ಹಾಕುವಂತೆಯೇ ಒಲೆಯನ್ನೂ ನೋಡಲಿ. ನಾಳೆ ಬೆಳಿಗ್ಗೆ ಮತ್ತೆ ಬೆಂಕಿ ಹೊತ್ತಿಸಲು ಒಂದು ಕಡ್ಡಿ ಸಾಕು. ಮಸೀದಿ, ಮದ್ರಸಗಳಲ್ಲೂ ಮಳೆಗಾಲಕ್ಕೆ ಮುನ್ನ ಈ ಸುನ್ನತ್ತನ್ನು ನೆನಪಿಸುವಂತಾಗಲಿ. ಅಲ್ಲಾಹನು ನಮ್ಮ ಮನೆಗಳನ್ನೂ ನೆರೆಹೊರೆಯ ಎಲ್ಲರ ಮನೆಗಳನ್ನೂ ಕಾಪಾಡಲಿ. ಆಮೀನ್.