ಗೃಹಸ್ಥರ ಪ್ರಶ್ನೆ: ಮನೆಗಾಡಿಗೆ ಬಸ್ಸೋ, ಲಾರಿಯೋ?

ದುಂಡಸಿಯ ವಾಚಕರೊಬ್ಬರು ವೃದ್ಧ ಮಾತೃಶ್ರೀಯವರನ್ನು ಯಾತ್ರೆಗೆ ಕರೆದೊಯ್ಯುವ ಸಲುವಾಗಿ ಹಳೆಯ ವಾಹನವೊಂದನ್ನು ಕೊಂಡು, ಅದರಲ್ಲಿ ಮಲಗಲೂ ಅಡಿಗೆ ಮಾಡಲೂ ಅನುಕೂಲ ಕಲ್ಪಿಸಬೇಕೆಂದಿರುವರು. ನಾಲ್ಕೂ ಗಾಲಿಗಳಿಗೆ ಎಂಜಿನಿನ ಬಲವುಳ್ಳ ಬಸ್ಸು ಮೇಲೋ, ಲಾರಿ ಮೇಲೋ ಎಂದು ಕೇಳಿದ್ದಾರೆ. ಬಹುವರ್ಷಗಳ ಉಳಿತಾಯದ ಮಾತಿದು. ಆದುದರಿಂದ ನಾವು ವಿಚಾರಮಾಡಿಯೇ ಬರೆಯುತ್ತೇವೆ.

ಮೊದಲು ದಾರಿಯನ್ನು ನೋಡಬೇಕು. ತಡಸ, ಶಿಗ್ಗಾಂವಿಗಳನ್ನು ಹಾಯ್ದು ಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಗೆ ಎರಡು ಗಾಲಿಗಳ ಬಲವೇ ಸಾಕು. ಮಳೆಗಾಲದ ಎರೆನೆಲದಲ್ಲಿ ಸಂಚರಿಸುವವರಿಗೆ ಮಾತ್ರ ನಾಲ್ಕರ ಬಲ ಬೇಕು. ಅದಕ್ಕೆ ಎಣ್ಣೆಯೂ ದುರಸ್ತಿಯೂ ಹೆಚ್ಚು.

ಬಸ್ಸಿಗೆ ಛಾವಣಿ, ಕಿಟಕಿ, ಮೆಟ್ಟಿಲು ಸಿದ್ಧವಾಗಿರುವವು. ಲಾರಿಯ ಚೌಕಟ್ಟು ಗಟ್ಟಿಯಾದದ್ದು ನಿಜ. ಆದರೆ ತಗ್ಗುದಿಣ್ಣೆಗಳಲ್ಲಿ ಅದು ತಿರುಚುವುದರಿಂದ, ಮೇಲಿನ ಕೋಣೆಯನ್ನು ಬಿಗಿದು ಕೂಡಿಸಿದರೆ ಬಿರುಕು ಬಿಡುವುದು. ಭಾರವನ್ನೂ ಎಣಿಸಿರಿ: 100 ಲೀಟರ್ ನೀರೆಂದರೆ 100 ಕಿಲೋ. ಮಂಚ, ಒಲೆ, ಜನ ಎಲ್ಲವೂ ಕೂಡಿ ನೋಂದಣಿಪತ್ರದ ಮಿತಿಯೊಳಗಿರಬೇಕು.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಟನ್ನು ತಡೆಯುತ್ತದೆ. ಆದುದರಿಂದ ಸಾರಿಗೆ ಅಧಿಕಾರಿಗಳ ಲಿಖಿತ ಉತ್ತರ ಬರುವ ಮುನ್ನ ಮುಂಗಡ ಕೊಡಕೂಡದು.

ನಮ್ಮ ಅಭಿಪ್ರಾಯದಲ್ಲಿ ಇವರಿಗೆ ಎರಡು ಗಾಲಿಗಳ ಬಲದ ಸಣ್ಣ ಬಸ್ಸೇ ಯೋಗ್ಯವು. ಕೊಳ್ಳುವ ಮೊದಲು ಮಾತೃಶ್ರೀಯವರನ್ನು ಒಮ್ಮೆ ಹತ್ತಿಸಿ, ಇಳಿಸಿ ನೋಡಲಿ. ಅವರಿಗೆ ಹತ್ತಲಾಗದ ಗಾಡಿ ಎಷ್ಟು ಬಲವುಳ್ಳದ್ದಾದರೂ ಈ ಮನೆಗೆ ಒಪ್ಪದು.