ನುಣುಪಿನ ಲೆಕ್ಕ

ಬಾಗಿಲಿಗೆ ಸ್ಪ್ರೇ ಹೊಡೆಸಿದರೆ ಕನ್ನಡಿಯಂಥ ನುಣುಪು ತಾನಾಗಿ ಬರುತ್ತದೆಂದು ನಂಬಿದವರೊಡನೆ ನನ್ನದು ಹಳೆಯ ಜಗಳ. ಗನ್ನು ಏನು ಮಾಡೀತು, ಪಾಪ? ನುಣುಪು ಹುಟ್ಟುವುದು ಉಪ್ಪುಕಾಗದದಲ್ಲಿ. ಪ್ರೈಮರ್ ಬಳಿದು, ಸಂದುಗೊಂದುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ 180ನೇ ನಂಬರಿನ ಕಾಗದದಲ್ಲೂ ಆಮೇಲೆ 320ರಲ್ಲೂ ಉಜ್ಜಿ, ಧೂಳು ಒರೆಸಬೇಕು. ಅನಂತರ ಗನ್ನನ್ನು ಬಾಗಿಲಿನಿಂದ ಒಂದು ಗೇಣು, ಅಂದರೆ ಸುಮಾರು 8 ಅಂಗುಲ ದೂರದಲ್ಲಿ ಹಿಡಿದು, ಒಂದೇ ವೇಗದಲ್ಲಿ, ಪ್ರತಿ ಪಟ್ಟೆಯೂ ಹಿಂದಿನದರ ಅರ್ಧ ಮುಚ್ಚುವಂತೆ ಸಾಗಬೇಕು. ತೀರ ದೂರವಾದರೆ ಬಣ್ಣ ಗಾಳಿಯಲ್ಲೇ ಒಣಗಿ ತರಿತರಿಯಾಗುತ್ತದೆ. ತೀರ ಹತ್ತಿರವಾದರೆ ಕಣ್ಣೀರಿನಂತೆ ಇಳಿಯುತ್ತದೆ. ಬಣ್ಣ ಗಟ್ಟಿಯಿದ್ದರೆ ಬಾಗಿಲು ಕಿತ್ತಳೆ ಸಿಪ್ಪೆಯಾಗುತ್ತದೆ.

ಇದು ಪೇಂಟರನಿಗೆ ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ಆದರೆ ಮನೆ ಕಟ್ಟಿಸುವ ನಮ್ಮ ಜನ ಗೃಹಪ್ರವೇಶದ ಮುಹೂರ್ತಕ್ಕೆ ಎರಡು ದಿನವಿರುವಾಗ ಅವನನ್ನು ಕರೆಯುತ್ತಾರೆ. ಚದರಡಿ ಲೆಕ್ಕದಲ್ಲಿ ಚೌಕಾಶಿ ಮಾಡುತ್ತಾರೆ. ಉಜ್ಜುವ ದಿನಗಳಿಗೆ ಕೂಲಿ ಎಂದರೆ ಹುಬ್ಬು ಗಂಟಿಕ್ಕುತ್ತಾರೆ. ಥಿನ್ನರಿನ ಘಾಟಿಗೆ ಅವನ ಮೂಗಿಗಿರುವುದು ಒಂದು ಕರವಸ್ತ್ರ. ಕೊನೆಗೆ ಬಾಗಿಲಿನ ಮೇಲೆ ಕೈಯಾಡಿಸಿ, ‘ಇವನ ಕೆಲಸ ಸರಿಯಿಲ್ಲ’ ಎಂದು ತೀರ್ಪು ಕೊಡುತ್ತಾರೆ! ನುಣುಪು ಬೇಕೆನ್ನುವವರು ಮೊದಲು ಉಜ್ಜುವುದಕ್ಕೆ ದಿನ, ಆ ದಿನಕ್ಕೆ ಕೂಲಿ, ಘಾಟು ತಡೆಯುವ ಒಂದು ಮಾಸ್ಕ್ ಕೊಡಲಿ. ಕೈಯಾಡಿಸುವುದು ಆಮೇಲೆ.